ತೋಳಿಗೆ ಬಿದ್ದ ಕಪ್ಪು ಧೂಳು

ಬೀಚನಹಳ್ಳಿಯ ನೀರಾವರಿ ಕ್ವಾರ್ಟರ್ಸಿನ ಬಚ್ಚಲಲ್ಲಿ ನಿಂತು, ಬಸಿರು ಪರೀಕ್ಷೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡುವುದನ್ನು ನೋಡಿದೆ. ಮದುವೆಯಾದಾಗಿನಿಂದ ಕಾದಿದ್ದ ಗೆರೆ ಅದು. ಹೊರಗೆ ಕೂತಿದ್ದ ಗಂಡನನ್ನು ಕೂಗಬೇಕಿತ್ತು. ಕೂಗಲಿಲ್ಲ. ಎಡಗೈಯನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ ಮಣಿಕಟ್ಟನ್ನು ಉಜ್ಜತೊಡಗಿದೆ. ಅಲ್ಲಿ ಏನೂ ಇರಲಿಲ್ಲ. ಅಲ್ಲಿ ಬಿದ್ದಿದ್ದ ಧೂಳನ್ನು ತೊಳೆದು ಆಗಲೇ ಕೆಲವು ವಾರಗಳಾಗಿದ್ದವು. ಅದು ಗೊತ್ತಿದ್ದೂ ಚರ್ಮ ಉರಿಯುವವರೆಗೆ ಉಜ್ಜಿದೆ.

ನನ್ನ ತವರು ಹುಣಸೂರು ತಾಲ್ಲೂಕು, ಗಾವಡಗೆರೆ ಕಡೆಯ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ದೂರದ ಕಡಲ ದಂಡೆಯಲ್ಲಿರುವ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೆ. ಗಂಡ ಕೆ.ಆರ್.ನಗರದವರು, ಕಬಿನಿ ಅಣೆಕಟ್ಟಿನಲ್ಲಿ ಎಂಜಿನಿಯರು. ಅವರು ಇಲ್ಲಿ, ನಾನು ಅಲ್ಲಿ. ರಜೆ ಸಿಕ್ಕಾಗ ಒಬ್ಬರು ಇನ್ನೊಬ್ಬರ ಬಳಿ ಹೋಗಿಬರುತ್ತಿದ್ದೆವು.

ಏನು ಕೆಲಸ ಎಂದು ಊರಿನಲ್ಲಿ ಕೇಳಿದವರಿಗೆ ಪೆನ್ಸಿಲ್ ಕಡ್ಡಿ ಪರೀಕ್ಷೆ ಮಾಡುವ ಕೆಲಸ ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಪೆನ್ಸಿಲಿನೊಳಗಿನ ಕರಿ ಕಡ್ಡಿ ಗ್ರಾಫೈಟಿನದು. ಕೆಲವು ಪರಮಾಣು ರಿಯಾಕ್ಟರುಗಳಲ್ಲಿ ಇದೇ ಗ್ರಾಫೈಟಿನ ದಪ್ಪ ದಿಮ್ಮಿಗಳನ್ನು ಜೋಡಿಸಿರುತ್ತಾರೆ. ಇಂಧನದಿಂದ ಸಿಡಿದು ಬರುವ ನ್ಯೂಟ್ರಾನುಗಳು ಈ ದಿಮ್ಮಿಗಳಿಗೆ ಬಡಿದು ಬಡಿದು ವೇಗ ಕಳೆದುಕೊಳ್ಳುತ್ತವೆ. ಆದರೆ ಹೊಡೆತ ತಿಂದ ದಿಮ್ಮಿಯೂ ಸುಮ್ಮನೆ ಉಳಿಯುವುದಿಲ್ಲ. ಗ್ರಾಫೈಟಿನ ಒಳಗೆ ಇಂಗಾಲದ ಪರಮಾಣುಗಳು ಕಾಗದದ ಹಾಳೆ ಪೇರಿಸಿಟ್ಟಂತೆ ಪದರ ಪದರವಾಗಿ ಕೂತಿರುತ್ತವೆ. ನ್ಯೂಟ್ರಾನು ಬಡಿದಾಗ ಪರಮಾಣು ತನ್ನ ಜಾಗ ಬಿಟ್ಟು ಎದ್ದು, ಎರಡು ಪದರಗಳ ನಡುವೆ ಎಲ್ಲೋ ಹೋಗಿ ಸಿಕ್ಕಿಕೊಳ್ಳುತ್ತದೆ. ಅದು ಬಿಟ್ಟ ಜಾಗ ಖಾಲಿ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ದಿಮ್ಮಿ ಮೊದಲು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಶುರುವಿನಲ್ಲಿ ಹೊರಗಿನಿಂದ ನೋಡಿದರೆ ಏನೇನೂ ತಿಳಿಯುವುದಿಲ್ಲ. ಅದೇ ಕಪ್ಪು, ಅದೇ ನುಣುಪು.

ಇನ್ನೊಂದು ತೊಂದರೆಯಿದೆ. ಹೆಚ್ಚು ಬಿಸಿಯಾಗದೆ ನಡೆಯುವ ರಿಯಾಕ್ಟರಿನಲ್ಲಿ, ಜಾಗ ತಪ್ಪಿದ ಪರಮಾಣುಗಳು ತಮ್ಮೊಳಗೆ ಶಕ್ತಿಯನ್ನು ಅದುಮಿಟ್ಟುಕೊಂಡು ಕೂತುಬಿಡುತ್ತವೆ. ಮುಂದೆ ಎಂದಾದರೂ ಆ ಗ್ರಾಫೈಟನ್ನು ಒಂದು ಮಟ್ಟ ದಾಟಿ ಕಾಯಿಸಿದರೆ ಅವೆಲ್ಲ ಒಟ್ಟೊಟ್ಟಿಗೆ ಜಾಗಕ್ಕೆ ಮರಳುತ್ತವೆ, ಇಟ್ಟುಕೊಂಡ ಶಾಖವನ್ನೆಲ್ಲ ಹೊರಗೆ ಬಿಡುತ್ತವೆ. ಆಗ ನಾವು ಕೊಟ್ಟ ಬಿಸಿಗಿಂತ ಹೆಚ್ಚು ಬಿಸಿ ಅದರಿಂದಲೇ ಏಳುತ್ತದೆ. ಬೇರೆ ದೇಶವೊಂದರಲ್ಲಿ ಹಿಂದೆ ಆ ಶಾಖವನ್ನು ಬಿಡಿಸಲು ಹೋಗಿ ರಿಯಾಕ್ಟರಿಗೇ ಬೆಂಕಿ ಬಿದ್ದದ್ದುಂಟು. ಹಾಗಾಗಿ ಹಳೆಯ ರಿಯಾಕ್ಟರಿನಿಂದ ತೆಗೆದ ಗ್ರಾಫೈಟನ್ನು ಎಲ್ಲಿಯಾದರೂ ಭದ್ರವಾಗಿ ಇಡುವ ಮೊದಲು, ಅದರೊಳಗೆ ಎಷ್ಟು ಶಾಖ ಕೂತಿದೆ ಎಂದು ತಿಳಿಯಬೇಕು. ಬೆರಳ ತುದಿಯಷ್ಟು ಚೂರನ್ನು ಸಣ್ಣ ಕುಲುಮೆಯಲ್ಲಿಟ್ಟು ನಿಧಾನ ಕಾಯಿಸಿ, ಯಾವ ಹಂತದಲ್ಲಿ ಅದು ಕುಲುಮೆಯನ್ನೂ ಮೀರಿ ಬಿಸಿಯಾಗುತ್ತದೆ ಎಂದು ನೋಡುವುದು ನನ್ನ ಕೆಲಸ.

ಅದು ನಡೆದದ್ದು ಗಂಡ ನನ್ನ ಬಳಿ ಬಂದು ಇದ್ದು, ವಾಪಸು ಹೋದ ಮೇಲಿನ ವಾರ. ಅಂದಿನ ಚೂರು ನಾವು ಅಂದಾಜು ಮಾಡಿದ್ದಕ್ಕಿಂತ ಬಹಳ ಜೋರಾಗಿ ಬಿಸಿಯೇರಿತು. ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಒಳಗೆ ಟಪ್ಪೆಂದು ಏನೋ ಸೀಳಿದ ಸದ್ದು ಕೇಳಿಸಿತು. ಕುಲುಮೆ ಆರಿಸಿ, ತಣ್ಣಗಾಗುವವರೆಗೆ ಕಾದು, ಕುಲುಮೆಯಿದ್ದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟ ಕೈ ಇಳಿಬಿಟ್ಟು, ಚೂರನ್ನಿಟ್ಟಿದ್ದ ಗಾಜಿನ ಕೊಳವೆಯನ್ನು ಎತ್ತಿದೆ. ಅದು ಉದ್ದಕ್ಕೂ ಸೀಳಿತ್ತು. ಅಂಚು ತಗುಲಿ ಕೈಗವಸು ಹರಿದುಹೋಯಿತು, ಗ್ರಾಫೈಟಿನ ಚೂರು ಪುಡಿಯಾಯಿತು. ಕೈ ಹೊರಗೆ ತೆಗೆದಾಗ ಮಣಿಕಟ್ಟಿನ ಮೇಲೂ ತೋಳಿನ ಬಟ್ಟೆಯ ಮೇಲೂ ಕಾಡಿಗೆ ಚೆಲ್ಲಿದಂತೆ ಕಪ್ಪು ಧೂಳಿತ್ತು.

ಜೊತೆಯಲ್ಲಿದ್ದ ಹಿರಿಯ ಸಹೋದ್ಯೋಗಿ ವಿಕಿರಣ ಅಳೆಯುವ ಮೀಟರನ್ನು ನನ್ನ ತೋಳಿನ ಹತ್ತಿರ ತಂದರು. ಅದು ಗರಗರ ಎಂದಿತು. ಆ ಸದ್ದನ್ನು ನಾನು ನೂರಾರು ಸಲ ಕೇಳಿದ್ದೆ, ಆದರೆ ಯಾವಾಗಲೂ ವಸ್ತುಗಳಿಂದ. ನನ್ನ ಮೈಯಿಂದ ಆ ಸದ್ದು ಬಂದದ್ದು ಅದೇ ಮೊದಲು. ಬಟ್ಟೆ ಬಿಚ್ಚಿಸಿದರು, ತೊಳೆದರು, ಮತ್ತೆ ಮೀಟರು ಹಿಡಿದರು, ಮತ್ತೆ ತೊಳೆದರು. ಮೂಗಿನ ಹೊಳ್ಳೆಗಳಿಗೆ ಹತ್ತಿ ಕಡ್ಡಿ ಹಾಕಿ ತೆಗೆದರು. ಮುಖಗವಸು ಸ್ವಲ್ಪ ಸಡಿಲವಾಗಿತ್ತು ಎಂದು ನಾನೇ ಹೇಳಿದೆ. ಹಾಗಿದ್ದರೆ ಒಂದಿಷ್ಟು ಉಸಿರಿನಲ್ಲಿ ಹೋಗಿರಬಹುದು ಎಂದು ಮೂತ್ರದ ಪರೀಕ್ಷೆಗೆ ಬರೆದರು. ಅದರ ಫಲಿತಾಂಶ ಬರಲು ಸಮಯ ಹಿಡಿಯುತ್ತಿತ್ತು. ಗಾಬರಿಪಡುವಂಥದ್ದೇನಿಲ್ಲ, ರಜೆ ಹಾಕಿ ಮನೆಗೆ ಹೋಗಿಬಾ ಎಂದರು. ನಿಜವಾಗಿ ಆಗ ನನಗೆ ಅಷ್ಟೇನೂ ಗಾಬರಿಯಾಗಿರಲಿಲ್ಲ. ಏನಾದರೂ ಆದರೆ ನನಗೆ ತಾನೇ ಎಂಬ ಧೈರ್ಯ.

ಬಚ್ಚಲಿನಿಂದ ಹೊರಗೆ ಬಂದು ಪಟ್ಟಿಯನ್ನು ಗಂಡನ ಕೈಗೆ ಕೊಟ್ಟೆ. ಅವರು ಎದ್ದು ನಿಂತರು, ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು.

“ಯಾಕೆ? ಏನಾಯ್ತೇ?”

ಧೂಳಿನ ವಿಷಯ ಅವರಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಈಗ ಹೇಳಿದೆ. ಅವರು ಮತ್ತೆ ಕೂತರು. ಕಿಟಕಿಯಾಚೆ ಅಣೆಕಟ್ಟಿನ ಕಡೆ ನೋಡಿದರು.

“ಮಗೀಗೆ ಏನಾಯ್ತದೆ ಅದ್ರಿಂದ?”

“ಏನೂ ಆಗ್ದೇನೂ ಇರ್ಬೋದು ಕಣ್ರೀ.”

“ಆದ್ರೆ?”

ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡು ಕಾಗದದಲ್ಲಿ ಸುತ್ತಿಟ್ಟೆ. 

ಕೇಂದ್ರದ ಸುರಕ್ಷತಾ ಅಧಿಕಾರಿಗೆ ಫೋನು ಮಾಡಿದೆ. ಸಭ್ಯ ಮನುಷ್ಯ. ಮೊದಲು ಶುಭಾಶಯ ಹೇಳಿದರು. ಎದೆಗೆ ಸಿಕ್ಕಿಸಿಕೊಂಡಿದ್ದ, ವಿಕಿರಣ ದಾಖಲಿಸುವ ಬ್ಯಾಡ್ಜಿನಲ್ಲಿ ಗಮನಿಸುವಂಥದ್ದೇನೂ ಕಂಡಿಲ್ಲ ಎಂದರು. ಒಳಗೆ ಹೋಗಿದೆಯೋ ಇಲ್ಲವೋ ಎನ್ನುವುದನ್ನು ಮಾತ್ರ ಪರೀಕ್ಷೆ ಮುಗಿಯದೆ ಹೇಳಲಾರೆ ಎಂದರು. ನಾನೇ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದ ಮಾತುಗಳು ಅವು. ಕೇಳುವ ಕಡೆ ಕೂತಾಗ ಅವುಗಳಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ ಎಂದು ಗೊತ್ತಾಯಿತು.

ಆ ದಿನಗಳಲ್ಲಿ ಮನೆಯಲ್ಲಿ ನಾನು ಮಾಡಿದ ಕೆಲಸಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನನ್ನ ಬಟ್ಟೆ ಬೇರೆ ಒಗೆದೆ. ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಗಂಡ ಪಕ್ಕಕ್ಕೆ ಬಂದರೆ ಸರಿದು ಕೂರುತ್ತಿದ್ದೆ. ತೊಳೆದ ಮೈಯಿಂದ ಇನ್ನೊಬ್ಬರಿಗೆ ಏನೂ ಅಂಟುವುದಿಲ್ಲ ಎಂದು ನನಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೆ ಗೊತ್ತಿತ್ತು? ಗೊತ್ತಿರುವುದೇ ಶತ್ರುವಾಯಿತು. ಊಟಕ್ಕೆ ಕೂತರೆ, ಸಾರು ಕಲಸುತ್ತಿದ್ದ ಹಾಗೇ, ಎಳ್ಳು ಕಾಳಿಗಿಂತ ಚಿಕ್ಕದಾದ ಆ ಜೀವದೊಳಗೆ ಒಂದೇ ಒಂದು ಪರಮಾಣು ಜಾಗ ತಪ್ಪಿ ಕೂತಂತೆ ಕಣ್ಣಿಗೆ ಕಟ್ಟುತ್ತಿತ್ತು. ಗ್ರಾಫೈಟಿನಲ್ಲಿ ಅದರಿಂದ ಎಷ್ಟು ಶಾಖ ಕೂತಿದೆ ಎಂದು ಅಳೆಯಬಲ್ಲ ನನಗೆ ನನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ. ತಟ್ಟೆ ಸರಿಸಿ ಎದ್ದುಬಿಡುತ್ತಿದ್ದೆ.

ಗಂಡನೇ ಒಂದು ದಿನ ಕಾರಿನಲ್ಲಿ ಕೂರಿಸಿಕೊಂಡು ತವರಿಗೆ ಕರೆತಂದು ಬಿಟ್ಟರು. ನೀರು ಬಿಡುವ ಕಾಲ, ಅವರಿಗೆ ರಜೆ ಇರಲಿಲ್ಲ.  ಇಳಿಯುವಾಗ, “ಅವ್ವಂಗೆ ಯೋಳು. ಒಬ್ಳೇ ಇಟ್ಕೊಂಡು ಕೂರ್ಬೇಡ” ಎಂದರು.

ಅದು ಹೊಗೆಸೊಪ್ಪು ಬೇಯಿಸುವ ಸಮಯ. ಸೊಪ್ಪು ಒಣಗಿಸುವ ಆ ಎತ್ತರದ ಗೂಡಿಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಒಲೆಗೆ ಸೌದೆ ಹಾಕಿ, ಒಳಗೆ ಕೊಳವೆಗಳಲ್ಲಿ ಬಿಸಿ ಹರಿಸಿ, ಮೇಲೆ ತೂಗುಬಿಟ್ಟ ಎಲೆಗಳನ್ನು ದಿನಗಟ್ಟಲೆ ಹದ ಮಾಡಬೇಕು. ಬಿಸಿ ಏರುಪೇರಾದರೆ ಸೊಪ್ಪು ಹಾಳು. ಎಲೆ ಉದುರಿ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನಿಗೇ ಬೆಂಕಿ. ಅಪ್ಪ ಹೋದ ಮೇಲೆ ಆ ಕೆಲಸವನ್ನೆಲ್ಲ ಅವ್ವನೇ ನೋಡಿಕೊಳ್ಳುತ್ತಿದ್ದಳು. ನಾನು ಹೋದಾಗ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದಳು.

“ಬಸ್ರಾ?”

ತಲೆಯಾಡಿಸಿದೆ. ಸೌದೆ ಕೆಳಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು ನನ್ನ ಕೆನ್ನೆ ಸವರಿದಳು. “ಇದ್ಯಾಕ್ ಮಗ ಇಂಗೆ ಬಿಳ್ಚ್ಕೊಂಡಿದ್ದೀಯ? ಬಾಯ್ಗೆ ಏನ್ ಬೇಕನ್ಸ್ತದೆ? ಬಳಪ ಗಿಳಪ ತಿನ್ಬೇಕು ಅನ್ಸಿದ್ರೆ ಯೋಳು, ತಿನ್ನಕೆ ಬುಡಕಿಲ್ಲ, ಆದ್ರೂ ಯೋಳು.”

ನಗಬೇಕಾದ ಕಡೆ ಅತ್ತುಬಿಟ್ಟೆ. ಅಲ್ಲೇ ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ನ್ಯೂಟ್ರಾನು, ಪರಮಾಣು ಅವಳಿಗೆ ಬೇಕಾಗಿರಲಿಲ್ಲ. ವಿಕಿರಣ ತಗುಲಿದ ಕರಿ ಧೂಳು, ಕೈಮೇಲೆ ಬಿತ್ತು, ಮೂಗಿಗೆ ಹೋಗಿರಬಹುದು, ಅದು ಒಳ್ಳೆಯದಲ್ಲ. ಇಷ್ಟೇ ಹೇಳಿದೆ. ಅವಳು ಒಲೆಯ ಕಡೆ ಒಮ್ಮೆ ನೋಡಿದಳು, ಗೋಡೆಯಲ್ಲಿದ್ದ ಕಿಂಡಿಯಿಂದ ಬಿಸಿ ಅಳೆಯುವ ಕಡ್ಡಿ ನೋಡಿದಳು, ಮತ್ತೆ ಬಂದು ಕೂತಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದ ರಕ್ತವೇ ಇಳಿದುಹೋಗಿತ್ತು.

“ತೆಗುಸ್ಬುಡು ಮಗ” ಎಂದಳು.

ನಾನು ಕೇಳಿದ್ದು ಸರಿಯೇ ಎಂದು ಅವಳನ್ನೇ ನೋಡಿದೆ.

“ಇನ್ನೊಂದಾಯ್ತದೆ. ನಿಂಗಿನ್ನೂ ವಯಸ್ಸದೆ. ನಾನ್ ಕಂಡಿವ್ನಿ ಕಣವ್ವ. ನಿನ್ಗಿಂತ ಮುಂಚೆ ಒಂದು ಎಣ್ಣು ಉಟ್ಟಿತ್ತು, ನಿಂಗೊತ್ತಿಲ್ಲ. ಬಸ್ರಲ್ಲೇ ಔಸ್ದಿ ಒಡೀತಿದ್ದೆ ಒಲಕ್ಕೆ. ಅದುಕ್ಕೋ ಇನ್ನೊಂದುಕ್ಕೋ, ಯಾರಿಗ್ಗೊತ್ತು. ಬಾಯೇ ಸರ್ಯಾಗಿರ್ಲಿಲ್ಲ ಅದ್ಕೆ. ಆಲ್ ಕುಡ್ಯಕೇ ಆಯ್ತಿರ್ಲಿಲ್ಲ. ನನ್ ಕೈಮ್ಯಾಲೇ ಓಯ್ತು.”

ಆ ಮಗುವಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅವ್ವ ಅಳಲಿಲ್ಲ. ಎದ್ದು ಹೋಗಿ ಒಲೆಗೆ ಒಂದು ಕೊರಡು ತಳ್ಳಿದಳು. “ಅದ್ನ ನೀನು ಕಾಣೋದು ಬ್ಯಾಡ” ಎಂದು ಒಲೆಗೇ ಹೇಳುವ ಹಾಗೆ ಹೇಳಿದಳು.

ನನ್ನ ಹೆದರಿಕೆ ಅಲ್ಲಿಯವರೆಗೆ ಆಕಾರವಿಲ್ಲದ್ದು. ಈಗ ಅದಕ್ಕೊಂದು ಬಾಯಿ ಬಂತು, ಹಾಲು ಕುಡಿಯಲಾಗದ ಬಾಯಿ. ಆ ಮಧ್ಯಾಹ್ನವೆಲ್ಲ ನಡುಮನೆಯಲ್ಲಿ ಮಲಗಿ, ಗಂಡನಿಗೆ ಫೋನು ಮಾಡಲೋ ಬೇಡವೋ ಎಂದು ಯೋಚಿಸಿದೆ. ಅವ್ವ ಹೇಳಿದ್ದು ತಪ್ಪೆಂದು ನನ್ನ ಓದು ಹೇಳುತ್ತಿತ್ತು. ಏನೂ ಖಚಿತವಿಲ್ಲದೆ ಅಂಥ ನಿರ್ಧಾರ ಮಾಡಬಾರದು. ಆದರೆ ಒಳಗೊಳಗೇ, ಅವಳು ಹೇಳಿದ್ದನ್ನು ನಾನೂ ಯೋಚಿಸಿದ್ದೆ. ಬೀಚನಹಳ್ಳಿಯಲ್ಲಿ ಬಟ್ಟೆ ಒಗೆಯುತ್ತಾ ಯೋಚಿಸಿದ್ದೆ. ಇನ್ನೊಬ್ಬರ ಬಾಯಿಂದ ಕೇಳಿದಾಗ ಮಾತ್ರ ಅದು ನನ್ನಿಂದಾಗದ ಕೆಲಸ ಎಂದು ಗೊತ್ತಾಯಿತು. ಸಂಜೆ ಅವ್ವನಿಗೆ ಹೇಳಿದೆ: “ರಿಪೋರ್ಟ್ ಬರ್ಲಿ ಅವ್ವ. ಅಲ್ಲೀಗಂಟ ಆ ಮಾತು ಬೇಡ.”

ಅವಳು ಕಿಂಡಿಯಿಂದ ಬಿಸಿ ನೋಡಲು ಬ್ಯಾರನ್ನಿನ ಕಡೆ ಎದ್ದು ಹೋದಳು.

ಮಾರನೆಯ ಬೆಳಗ್ಗೆ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು.

ಹೆಚ್ಚೇನಿರಲಿಲ್ಲ.  ಹಿತ್ತಲ ಬಾಗಿಲು ಹಿಡಿದುಕೊಂಡು ಅವ್ವನನ್ನು ಕೂಗಿದೆ. ಓಡಿ ಬಂದವಳು ಕಲೆ ನೋಡಿ, ಪಕ್ಕದ ಮನೆಯ ಓಮ್ನಿ ಕಾರನ್ನು ಕರೆಸಿದಳು. ಬ್ಯಾರನ್ನಿನ ಒಲೆ ನೋಡಿಕೊಳ್ಳಲು ಒಬ್ಬರಿಗೆ ಹೇಳುವುದನ್ನೂ ಮರೆತು ನನ್ನ ಜೊತೆ ಹತ್ತಿದಳು. ಅರ್ಧ ದಾರಿಯಲ್ಲಿ ನಾನೇ ನೆನಪಿಸಿದೆ. “ಉರ್ದೋಗ್ಲಿ ಬುಡು” ಎಂದಳು. ಆ ಬೆಳೆಯ ಮೇಲೆ ಅವಳ ಇಡೀ ವರ್ಷ ನಿಂತಿತ್ತು.

ಕೆ.ಆರ್.ನಗರದಲ್ಲಿ ಗಂಡನ ಮನೆಯವರು ತೋರಿಸುತ್ತಿದ್ದ ಡಾಕ್ಟರಮ್ಮನ ಆಸ್ಪತ್ರೆಗೆ ಹೋದೆವು. ಗಂಡನಿಗೆ ಫೋನು ಮಾಡಿದ್ದೆ, ಅವರು ಬೀಚನಹಳ್ಳಿಯಿಂದ ಹೊರಟಿದ್ದರು. ಬೆಂಚಿನ ಮೇಲೆ ಸರದಿ ಕಾಯುತ್ತಾ ಕೂತಿದ್ದಾಗ ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಯಲ್ಲಿ ಹೊಗೆಸೊಪ್ಪಿನ ಅಂಟು ಹಾಗೇ ಇತ್ತು.

“ನನ್ ಬಾಯಿಂದ ಎಂತ ಮಾತು ಬಂತು ಮಗ” ಎಂದಳು. “ಅದ್ಕೆ ಕೇಳುಸ್ಬುಡ್ತೇನೋ.”

“ಅಂಗೆಲ್ಲ ಆಗಕಿಲ್ಲ ಅವ್ವ.”

“ನಿಂಗೇನ್ಗೊತ್ತು. ನಾನು ಬ್ಯಾಡ ಅಂದೆ, ಅದು ಓಯ್ತೀನಿ ಅಂತ ಒಂಟ್ಬುಡ್ತು.” ಈಗ ಅತ್ತಳು. ನಿನ್ನೆ ತನ್ನ ಮಗುವಿನ ಸಾವು ಹೇಳುವಾಗ ಅಳದವಳು, ಅಷ್ಟು ಜನರ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ಅವಳನ್ನು ಸಮಾಧಾನ ಮಾಡಬೇಕಾಯಿತು. ಆ ಹೊತ್ತಿಗೆ ನನಗೆ ನನ್ನದನ್ನು ಮರೆಯಲು ಸಿಕ್ಕ ಸಂದು ಅದೊಂದೇ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಧೂಳಿನ ವಿಷಯ ಹೇಳಿದಾಗ ಹುಬ್ಬು ಮೇಲೇರಿಸಿದರು. “ನೋಡಮ್ಮ, ನಂಗೆ ನಿಮ್ಮ ಗ್ರಾಫೈಟು ಗೊತ್ತಿಲ್ಲ. ನಂಗೆ ಗೊತ್ತಿರೋದು ಹೇಳ್ತೀನಿ. ಅಷ್ಟು ಮೊದಲ ದಿನಗಳಲ್ಲಿ ಏನಾದ್ರೂ ಜೋರಾಗಿ ಪೆಟ್ಟು ಬಿದ್ರೆ ಸಾಮಾನ್ಯವಾಗಿ ಗರ್ಭ ನಿಲ್ಲೋದೇ ಇಲ್ಲ. ನಿಂತಿದ್ರೆ, ಬಹುಮಟ್ಟಿಗೆ ಚೆನ್ನಾಗೇ ಬೆಳೆಯುತ್ತೆ. ಈಗ ನಿಂತಿದೆಯಾ ಇಲ್ವಾ ನೋಡೋಣ.”

ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿದೆ. ಪರದೆ ಅವರ ಕಡೆಗಿತ್ತು. ಅವರು ಮಾತಾಡದೆ ನೋಡುತ್ತಿದ್ದರು. ಯಂತ್ರಗಳ ಮುಂದೆ ಕೂತವರು ಮಾತಾಡದೆ ನೋಡುವುದೆಂದರೆ ಏನೆಂದು ನನಗೆ ಗೊತ್ತು. ನಾನೂ ಹಾಗೇ ಕೂರುತ್ತಿದ್ದವಳು.  ಆಮೇಲೆ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಒಂದು ಚುಕ್ಕೆ ಪಟಪಟ ಮಿಟುಕುತ್ತಿತ್ತು.

“ಇದೇ ಹಾರ್ಟು” ಎಂದರು. “ಗಟ್ಟಿಯಾಗೇ ಇದೆ. ರಕ್ತ ಕೆಲವರಿಗೆ ಹೀಗೆ ಸ್ವಲ್ಪ ಹೋಗುತ್ತೆ. ಮಲಗಿರಿ, ಭಾರ ಎತ್ಬೇಡಿ.”

ಹೊರಗೆ ಬಂದು ಅವ್ವನಿಗೆ ಹೇಳಿದೆ. ಅವಳು ತಲೆಯ ಮೇಲೆ ಎರಡೂ ಕೈಯಿಟ್ಟುಕೊಂಡು, “ಅಬ್ಬ” ಎಂದಳು. ಅಷ್ಟರಲ್ಲಿ ಗಂಡ ಬಂದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಅವ್ವ ಅಳಿಯನ ಎದುರು ನಿಲ್ಲದೆ, ಸೌದೆ ಒಲೆಯ ನೆನಪು ಬಂದು, ಅದೇ ಓಮ್ನಿಯಲ್ಲಿ ಊರಿಗೆ ಓಡಿದಳು. ಯಾರೋ ಪುಣ್ಯಾತ್ಮರು ಒಲೆ ನೋಡಿಕೊಂಡಿದ್ದರಂತೆ. ಸೊಪ್ಪು ಉಳಿದಿತ್ತು.

ಮೂತ್ರದ ಪರೀಕ್ಷೆಯ ಫಲಿತಾಂಶ ಬಂದಾಗ ನಾನು ಕೆ.ಆರ್.ನಗರದ ಅತ್ತೆಯ ಮನೆಯಲ್ಲಿ ಮಲಗಿದ್ದೆ. ಸುರಕ್ಷತಾ ಅಧಿಕಾರಿ ತಾವೇ ಫೋನು ಮಾಡಿದರು. ಒಳಗೆ ಹೋಗಿರುವುದು ಅಳೆಯಲು ಕಷ್ಟವಾಗುವಷ್ಟು ಕಡಿಮೆ, ಚಿಂತೆ ಬೇಡ ಎಂದರು. ಧನ್ಯವಾದ ಹೇಳಿದೆ. ಗಂಡ ನನ್ನ ಪಾದದ ಬಳಿ ಕೂತು ಜೋರಾಗಿ ಉಸಿರು ಬಿಟ್ಟರು. ನನಗೂ ಹಗುರವಾಯಿತು, ಆದರೆ ಆ ಹಗುರ ಆ ದಿನದ ಮಟ್ಟಿಗೆ. ಕಡಿಮೆ ಎಂದರೆ ಇಲ್ಲ ಎಂದಲ್ಲ ಎಂದು ಮರುದಿನವೇ ನನ್ನೊಳಗಿನ ಲೆಕ್ಕಾಚಾರ ಶುರುವಾಯಿತು. ಡಾಕ್ಟರಮ್ಮ ಹೇಳಿದ್ದರಲ್ಲಿ “ಬಹುಮಟ್ಟಿಗೆ” ಎಂಬ ಒಂದು ಮಾತಿತ್ತು. ಆ ಮಾತಿನೊಳಗೆ ನಾನು ಹೆರಿಗೆಯವರೆಗೂ ಬದುಕಿದೆ.

ಪ್ರತಿ ಸ್ಕ್ಯಾನಿಂಗಿಗೆ ಹೋಗುವ ಹಿಂದಿನ ದಿನ ಏನೂ ತಿನ್ನಲು ಆಗುತ್ತಿರಲಿಲ್ಲ. ಮೈಸೂರಿನಲ್ಲಿ ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನಿಂಗ್ ಮಾಡಿಸಿದಾಗ, ತುಟಿ ಸರಿಯಿದೆಯೇ, ಬಾಯಿಯ ಅಂಗುಳ ಸರಿಯಿದೆಯೇ ಎಂದು ನಾನು ಮತ್ತೆ ಮತ್ತೆ ಕೇಳಿದ್ದಕ್ಕೆ ಅಲ್ಲಿಯವರು ಬೇಸರಪಟ್ಟುಕೊಂಡರು. ಮನೆಯಲ್ಲಿ ಯಾರಿಗಾದರೂ ಹಾಗಿತ್ತೇ ಎಂದು ಕೇಳಿದರು. ಹೌದು, ನನ್ನ ಅಕ್ಕನಿಗೆ ಎಂದೆ. ಅಕ್ಕ ಎಂಬ ಆ ಪದವನ್ನು ಬಾಯಿತುಂಬ ಹೇಳಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಅವ್ವ ಗೋಡೆಯ ಕಡೆ ತಿರುಗಿಕೊಂಡಳು.

ಹುಟ್ಟಿದ್ದು ಹೆಣ್ಣು. ಡಾಕ್ಟರಮ್ಮ ಎತ್ತಿ ತೋರಿಸಿದಾಗ ನಾನು ಮುಖ ನೋಡಲಿಲ್ಲ, ಬಾಯಿ ನೋಡಿದೆ. ಅದು ಅಗಲವಾಗಿ ತೆರೆದುಕೊಂಡು ಕಿರುಚುತ್ತಿತ್ತು. ಹಾಲು ಕುಡಿಯಿತು. ಅವ್ವ ಮೊದಲ ಸಲ ಹಾಲು ಕುಡಿಯುವುದನ್ನು ನೋಡುತ್ತಾ ಎದುರಿಗೇ ನಿಂತಿದ್ದಳು, ಕೂಸಿನ ಗಂಟಲು ನುಂಗುವುದು ಕಾಣುವವರೆಗೂ ಕೂರಲಿಲ್ಲ.

ಮತ್ತೆ ಕೆಲಸಕ್ಕೆ ಹೋದೆ. ಕುಲುಮೆಯ ಹತ್ತಿರ ಹೋಗದ ಕೆಲಸ ಕೊಡಿ ಎಂದು ನಾನೇ ಕೇಳಿಕೊಂಡೆ. ಈಗ ಬೇರೆಯವರು ಅಳೆದದ್ದನ್ನು ಕೂತು ಲೆಕ್ಕ ಹಾಕುತ್ತೇನೆ. ಯಾವ ಚೂರು ಎಷ್ಟು ಕುಗ್ಗಿದೆ, ಯಾವುದು ಹಿಗ್ಗಲು ಶುರು ಮಾಡಿದೆ, ಇನ್ನೆಷ್ಟು ಕಾಲಕ್ಕೆ ಬಿರುಕು ಬಿಡಬಹುದು ಎಂದು ಹೇಳುವುದು. ಹೊಸಬರಿಗೆ ಮುಖಗವಸು ತೊಡುವುದನ್ನು ನಾನೇ ಕಲಿಸುತ್ತೇನೆ, ಅವರಿಗೆ ಬೇಸರ ಬರುವಷ್ಟು ಸಲ.

ಹೋದ ಮಳೆಗಾಲದಲ್ಲಿ ಪಿರಿಯಾಪಟ್ಟಣದ ನಾದಿನಿಯ ಮನೆಗೆ ಹೋಗಿದ್ದೆವು. ಮಗಳಿಗೆ ಆಗ ಎರಡು ತುಂಬಿತ್ತು. ಅಲ್ಲಿ ಅವಳಿಗೆ ಜ್ವರ ಬಂತು, ಮಾತ್ರೆ ಕೊಟ್ಟರೂ ಇಳಿಯಲಿಲ್ಲ. ಕಾಲಿನ ಮೇಲೆ ಸಣ್ಣ ಕೆಂಪು ಗುಳ್ಳೆಗಳು ಎದ್ದವು. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಂದರು. ವಿಕಿರಣದಿಂದ ಮಕ್ಕಳ ರಕ್ತಕ್ಕೆ ಬರಬಹುದಾದ ಕ್ಯಾನ್ಸರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಟ್ಟಿಗೆ ತಲೆಗೆ ನುಗ್ಗಿತು. ಬಸ್ ಸ್ಟ್ಯಾಂಡಿನ ಹತ್ತಿರದ ಆ ಪುಟ್ಟ ಲ್ಯಾಬಿನ ಮುಂದೆ ಮಳೆ ಸುರಿಯುತ್ತಿತ್ತು. ಮಗಳು ಅಪ್ಪನ ಹೆಗಲಿಗೆ ಬಿದ್ದು ಮಲಗಿದ್ದಳು. ನಾದಿನಿ ಚಹಾ ತಂದುಕೊಟ್ಟಳು.

“ಕುಡೀರಿ ಅತ್ಗೆ. ಮಕ್ಳಿಗೆ ಜರ ಬರಕಿಲ್ವಾ? ಯಾಕಿಷ್ಟ್ ಎದುರ್ಕೊಂಡಿದ್ದೀರಿ?”

ಗಂಡ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಿತ್ತು. ನಾನು ಚಹಾದ ಲೋಟ ಕೈಗೆ ತೆಗೆದುಕೊಂಡೆ.

ಲ್ಯಾಬಿನವನು ಕೂಗಿ ಕಾಗದ ಕೊಟ್ಟ. ಡಾಕ್ಟರು ನೋಡಿ, ವೈರಲ್ ಜ್ವರ, ಎರಡು ದಿನದಲ್ಲಿ ಹೋಗುತ್ತದೆ ಎಂದರು. ಹೋಯಿತು ಕೂಡ. ಮೂರನೆಯ ದಿನ ಮಗಳು ನಾದಿನಿಯ ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು, ಅವಳ ಕಾಲಿನ ಗುಳ್ಳೆಗಳು ನಿಜವಾಗಿ ಮಾಯುತ್ತಿವೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ.